ವಯಸ್ಸು ಮೂವತ್ತು ದಾಟಿದೆ, ಜಿಪಿಎ ಮೂರು ದಾಟಿಲ್ಲ: ಅಮೆರಿಕದ ಮೆಡಿಕಲ್ ಸ್ಕೂಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಮುಗಿದು ಎಷ್ಟೋ ವರ್ಷ ಆಗಿದೆ. ಕೈಯಲ್ಲಿ ಬೇರೆ ಕೆಲಸ ಇದೆ, ಮನೆ ಇದೆ, ಮಕ್ಕಳೂ ಇರಬಹುದು. ಈಗ ಡಾಕ್ಟರ್ ಆಗಬೇಕು ಅನ್ನಿಸಿದೆ. ಹಳೇ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ತೆಗೆದು ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್, ನೋಡಿದರೆ ಎದೆ ಧಸಕ್ ಅನ್ನುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಈ ಸ್ಥಿತಿಯಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಉತ್ತರಗಳೆಲ್ಲ ಅಲ್ಲಿನ ಎಂ.ಡಿ. ಮತ್ತು ಡಿ.ಒ. (ಆಸ್ಟಿಯೋಪತಿ) ಶಾಲೆಗಳಿಗೆ ಸಂಬಂಧಿಸಿದ್ದು; ಅಲ್ಲಿ ಡಾಕ್ಟರ್ ಆಗಲು ಇರುವ ಪದವಿಗಳು ಇವೆರಡು. ಶುಲ್ಕ, ದಿನಾಂಕ ವರ್ಷವರ್ಷ ಸ್ವಲ್ಪ ಬದಲಾಗುತ್ತವೆ, ನೀವು ಅರ್ಜಿ ಹಾಕುವ ವರ್ಷದ್ದನ್ನು ನೋಡಿಕೊಳ್ಳಿ.

ನನ್ನ ಜಿಪಿಎ 2.7. ಆಸೆ ಬಿಟ್ಟುಬಿಡಲಾ?

ಆಸೆ ಬಿಡಬೇಡಿ. ಆದರೆ ಈ ವರ್ಷವೇ ಅರ್ಜಿ ಹಾಕಲೂ ಹೋಗಬೇಡಿ.

ಎಂ.ಡಿ. ಶಾಲೆಗಳಿಗೆ ಸೇರುವವರ ಸರಾಸರಿ ಜಿಪಿಎ 3.8ರ ಹತ್ತಿರ, ಎಂಕ್ಯಾಟ್ (ಮೆಡಿಕಲ್ ಸ್ಕೂಲ್ ಪ್ರವೇಶ ಪರೀಕ್ಷೆ) ಸರಾಸರಿ 512ರ ಆಸುಪಾಸು. ಎಷ್ಟೋ ಶಾಲೆಗಳು ಅರ್ಜಿ ಓದುವ ಮೊದಲೇ ಒಂದು ಗೆರೆ ಎಳೆದು, ಅದರ ಕೆಳಗಿದ್ದವರನ್ನು ಪಕ್ಕಕ್ಕಿಡುತ್ತವೆ. ಹಾಗಾಗಿ ನಿಮ್ಮ ಕಥೆ ಎಷ್ಟೇ ಚೆನ್ನಾಗಿರಲಿ, ಅದು ಯಾರ ಕಣ್ಣಿಗಾದರೂ ಬೀಳಬೇಕಾದರೆ ಮೊದಲು ಈ ಅಂಕಿ ಸ್ವಲ್ಪ ಮೇಲೇಳಬೇಕು.

ಎಷ್ಟು ಮೇಲೇಳುತ್ತದೆ? ಲೆಕ್ಕ ಮಾಡಿಯೇ ನೋಡೋಣ. 120 ಕ್ರೆಡಿಟ್ (ಕೋರ್ಸ್‌ಗಳ ತೂಕದ ಅಳತೆ), 2.7 ಜಿಪಿಎ ಅಂದರೆ 324 ಪಾಯಿಂಟ್. ಈಗ ಹೊಸದಾಗಿ 40 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ (ಅಂದರೆ 4) ತೆಗೆದಿರಿ ಅಂತಿಟ್ಟುಕೊಳ್ಳಿ. ಅದು ಇನ್ನೊಂದು 160 ಪಾಯಿಂಟ್. ಒಟ್ಟು 484. ಅದನ್ನು 160 ಕ್ರೆಡಿಟ್‌ನಿಂದ ಭಾಗಿಸಿದರೆ 3.02 ಚಿಲ್ಲರೆ. ಒಂದೂ ಬಿ ಇಲ್ಲದೆ 60 ಕ್ರೆಡಿಟ್ ಓದಿದರೂ 3.13 ಅಷ್ಟೆ. ಇದನ್ನು ನೋಡಿದ ಕೂಡಲೇ ಹಲವರು ಕೈ ಚೆಲ್ಲುತ್ತಾರೆ.

ಕೈ ಚೆಲ್ಲುವ ಮೊದಲು ಇನ್ನೊಂದು ವಿಷಯ ಗಮನಿಸಿ. ಎಂ.ಡಿ. ಅರ್ಜಿ ಹೋಗುವುದು ಆಮ್ಕಾಸ್ ಅನ್ನುವ ಒಂದೇ ಅರ್ಜಿ ವ್ಯವಸ್ಥೆಯ ಮೂಲಕ. ಆಮ್ಕಾಸ್ ನಿಮ್ಮ ಗ್ರೇಡ್‌ಗಳನ್ನು ಒಂದೇ ಅಂಕಿಯಾಗಿ ಕಳಿಸುವುದಿಲ್ಲ. ಒಂದು ಕೋಷ್ಟಕ ಮಾಡಿ ಕಳಿಸುತ್ತದೆ. ಮೊದಲ ವರ್ಷಕ್ಕೊಂದು ಸಾಲು, ಎರಡನೇ ವರ್ಷಕ್ಕೊಂದು ಸಾಲು, ಹೀಗೆ. ಡಿಗ್ರಿ ಆದಮೇಲೆ ಓದಿದ್ದಕ್ಕೆ ಬೇರೆಯದೇ ಸಾಲು. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತಕ್ಕೆ ಬೇರೆ ಜಿಪಿಎ, ಉಳಿದ ವಿಷಯಗಳಿಗೆ ಬೇರೆ. ಆ ಕೋಷ್ಟಕದಲ್ಲಿ 2.4, 2.5, 2.9, 3.0 ಅಂತ ಹೋಗಿ ಕೊನೆಗೆ 40 ಕ್ರೆಡಿಟ್ ಮುಂದೆ 4.00 ಅಂತ ಕಂಡರೆ, ಓದುವವರಿಗೆ ಏನೋ ಬದಲಾಗಿದೆ ಅಂತ ಗೊತ್ತಾಗುತ್ತದೆ. ಒಟ್ಟು ಜಿಪಿಎ ಗೆರೆ ದಾಟಿಸುವಷ್ಟು ಇರಬೇಕು. ಮನಸ್ಸು ಒಲಿಸುವುದು ಆ ಕೊನೇ ಸಾಲು.

ಹಳೇ ಕೋರ್ಸನ್ನೇ ಮತ್ತೆ ಓದಿದರೆ ಹಳೇ ಗ್ರೇಡ್ ಹೋಗುತ್ತಾ?

ಇಲ್ಲ. ನಿಮ್ಮ ಕಾಲೇಜು ತನ್ನ ಲೆಕ್ಕದಲ್ಲಿ ಹಳೇದನ್ನು ಅಳಿಸಿರಬಹುದು. ಆಮ್ಕಾಸ್ ಎರಡನ್ನೂ ಸೇರಿಸುತ್ತದೆ. ನಾಲ್ಕು ಕ್ರೆಡಿಟ್‌ನ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಮೊದಲು ಸಿ, ಆಮೇಲೆ ಎ ಬಂದಿದ್ದರೆ, ಎಂಟು ಕ್ರೆಡಿಟ್‌ಗೆ 3.0 ಅಂತ ಲೆಕ್ಕ. ಡಿ.ಒ. ಶಾಲೆಗಳ ಅರ್ಜಿ ವ್ಯವಸ್ಥೆಯಾದ ಆಕೋಮಾಸ್‌ನಲ್ಲಿ ಮೊದಲು ಹೊಸ ಗ್ರೇಡನ್ನು ಮಾತ್ರ ಹಿಡಿಯುವ ಪದ್ಧತಿ ಇತ್ತು. 2017ರಲ್ಲಿ ಅದನ್ನೂ ನಿಲ್ಲಿಸಿದರು. ಹಳೇ ಬ್ಲಾಗು, ಹಳೇ ಪುಸ್ತಕಗಳಲ್ಲಿ ಇನ್ನೂ ಹಾಗೇ ಬರೆದಿರುತ್ತದೆ, ನಂಬಬೇಡಿ.

ಸಿ ಮೈನಸ್ ಅಥವಾ ಅದಕ್ಕಿಂತ ಕೆಳಗೆ ಬಂದ ಕಡ್ಡಾಯ ವಿಷಯಗಳನ್ನು ಮತ್ತೆ ಓದಲೇಬೇಕಾಗುತ್ತದೆ. ಬಿ ಬಂದದ್ದನ್ನು ಮುಟ್ಟಬೇಡಿ. ಅದರ ಬದಲು ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಜೆನೆಟಿಕ್ಸ್ ತರಹದ ಮೇಲಿನ ಹಂತದ ಕೋರ್ಸ್ ತೆಗೆದುಕೊಂಡು ಅಲ್ಲಿ ಎ ಗಳಿಸುವುದು ಲಾಭ.

ಟೆಕ್ಸಾಸ್‌ನಲ್ಲಿ ಇರುವವರಿಗೆ ಒಂದು ವಿಶೇಷ ಬಾಗಿಲಿದೆ. ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್ ಅನ್ನುವ ಆ ರಾಜ್ಯದ ಕಾನೂನಿನ ಪ್ರಕಾರ, ಅಲ್ಲಿನ ನಿವಾಸಿಗಳು ಸರ್ಕಾರಿ ಕಾಲೇಜಿಗೆ ಸೇರುವಾಗ ಹತ್ತು ವರ್ಷಕ್ಕಿಂತ ಹಳೆಯ ಕೋರ್ಸ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಕೇಳಬಹುದು. ಆ ರಾಜ್ಯದ ಶಾಲೆಗಳ ಅರ್ಜಿ ವ್ಯವಸ್ಥೆ ಇದನ್ನು ಒಪ್ಪುತ್ತದೆ. ಆದರೆ ಕೆಟ್ಟ ಗ್ರೇಡ್ ಜೊತೆ ಒಳ್ಳೆಯವೂ ಹೋಗುತ್ತವೆ, ಎಲ್ಲ ಮೊದಲಿನಿಂದ ಶುರು ಮಾಡಬೇಕು. ಆಮ್ಕಾಸ್ ಇದಕ್ಕೆ ಬೆಲೆ ಕೊಡುವುದಿಲ್ಲ.

ಹತ್ತು ವರ್ಷದ ಹಿಂದೆ ಒಂದು ಸೆಮಿಸ್ಟರ್ ಬೇರೆ ಕಾಲೇಜಿನಲ್ಲಿ ಓದಿ ಬಿಟ್ಟಿದ್ದೆ. ಅದನ್ನು ಹೇಳದೇ ಇದ್ದರೆ?

ಹೇಳಲೇಬೇಕು. ಒಂದೇ ಕ್ರೆಡಿಟ್ ಇರಲಿ, ಅರ್ಧಕ್ಕೆ ಬಿಟ್ಟ ಕೋರ್ಸ್ ಇರಲಿ, ಎಲ್ಲ ಕಾಲೇಜುಗಳ ಟ್ರಾನ್ಸ್‌ಕ್ರಿಪ್ಟ್ ಕಳಿಸಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಸಿಕ್ಕ ಸೀಟೂ ಹೋಗಬಹುದು.

ನನಗೆ 38. ತೀರಾ ತಡ ಆಯ್ತಲ್ವಾ?

ಮೆಡಿಕಲ್ ಸ್ಕೂಲ್‌ಗೆ ವಯಸ್ಸಿನ ಮಿತಿ ಇಲ್ಲ. ಸೇರುವವರ ಸರಾಸರಿ ವಯಸ್ಸು 24ರ ಸುತ್ತ, ಆದರೆ ಮೂವತ್ತು, ನಲವತ್ತು ದಾಟಿದವರೂ ಪ್ರತಿ ವರ್ಷ ಸೇರುತ್ತಾರೆ.

ವಯಸ್ಸಿಗಿಂತ ವರ್ಷಗಳ ಲೆಕ್ಕ ಹಾಕಿ. ಗ್ರೇಡ್ ಸರಿಮಾಡಲು ಎರಡು ವರ್ಷ, ಅರ್ಜಿಗೆ ಒಂದು ವರ್ಷ, ಮೆಡಿಕಲ್ ಸ್ಕೂಲ್ ನಾಲ್ಕು ವರ್ಷ. ರೆಸಿಡೆನ್ಸಿ (ಆಮೇಲಿನ ಆಸ್ಪತ್ರೆ ತರಬೇತಿ) ಫ್ಯಾಮಿಲಿ ಮೆಡಿಸಿನ್‌ಗೆ ಮೂರು, ನ್ಯೂರೋ ಸರ್ಜರಿಗೆ ಏಳು. 38ಕ್ಕೆ ಶುರು ಮಾಡಿದವರು ಫ್ಯಾಮಿಲಿ ಡಾಕ್ಟರ್ ಆಗುವಾಗ 48. ಆಮೇಲೂ ಇಪ್ಪತ್ತು ವರ್ಷ ಕೆಲಸ ಮಾಡಬಹುದು. ಅದು ನಿಮಗೆ ಸಾಕಾ ಅನ್ನೋದು ನೀವೇ ಹೇಳಬೇಕು. ಕೆಲವರು ಈ ಲೆಕ್ಕ ಹಾಕಿದ ಮೇಲೆ ಫಿಸಿಶಿಯನ್ ಅಸಿಸ್ಟೆಂಟ್ ಅಥವಾ ನರ್ಸ್ ಪ್ರಾಕ್ಟೀಷನರ್ (ಡಾಕ್ಟರ್ ಅಲ್ಲದಿದ್ದರೂ ರೋಗಿಗಳಿಗೆ ಚಿಕಿತ್ಸೆ ಕೊಡುವ ವೃತ್ತಿಗಳು) ಕಡೆ ತಿರುಗುತ್ತಾರೆ. ಅದೂ ಒಳ್ಳೇ ನಿರ್ಧಾರವೇ, ಸೋಲು ಅಂತ ನೋಡಬೇಕಾಗಿಲ್ಲ.

ಬೆಂಗಳೂರಲ್ಲಿ ಬಿ.ಇ. ಮಾಡಿದ್ದೆ, ಬ್ಯಾಕ್‌ಲಾಗ್‌ಗಳೂ ಇದ್ದವು. ಆ ಅಂಕ ಇಲ್ಲಿ ಹಿಡಿಯುತ್ತಾರಾ?

ಇದು ನಮ್ಮವರಿಗೆ ಸಿಹಿಯೂ ಹೌದು, ಕಹಿಯೂ ಹೌದು. ಆಮ್ಕಾಸ್ ಹೊರದೇಶದ ಅಂಕಗಳಿಗೆ ಜಿಪಿಎ ಲೆಕ್ಕ ಹಾಕುವುದೇ ಇಲ್ಲ. ಓದಿದ ಕಾಲೇಜಿನ ಹೆಸರು ನಮೂದಿಸಬೇಕು ಅಷ್ಟೆ. ಬ್ಯಾಕ್‌ಲಾಗ್‌ಗಳು ಜಿಪಿಎ ಒಳಗೆ ಬರುವುದಿಲ್ಲ.

ಕಹಿ ಭಾಗ ಏನಂದರೆ, ಆ ಡಿಗ್ರಿ ಒಂದರಿಂದಲೇ ಹೆಚ್ಚಿನ ಶಾಲೆಗಳು ಒಳಗೆ ಬಿಡುವುದಿಲ್ಲ. ಅಮೆರಿಕ ಅಥವಾ ಕೆನಡಾದಲ್ಲಿ ಇಂತಿಷ್ಟು ಕ್ರೆಡಿಟ್ ಓದಿರಬೇಕು ಅನ್ನುತ್ತವೆ. 90 ಸೆಮಿಸ್ಟರ್ ಕ್ರೆಡಿಟ್ ಅನ್ನುವ ಅಂಕಿ ಹಲವು ಕಡೆ ಕಾಣುತ್ತದೆ. ಕೆಲವು ಶಾಲೆಗಳು ಇಲ್ಲಿಯದೇ ಬ್ಯಾಚುಲರ್ ಡಿಗ್ರಿ ಬೇಕು ಅನ್ನುತ್ತವೆ. ಇಲ್ಲಿ ಎಂ.ಎಸ್. ಮಾಡಿದ್ದರೆ ಅದರ ಜಿಪಿಎ ಬೇರೆ ಕಾಲಂನಲ್ಲಿ ಬರುತ್ತದೆ, ಅಂಡರ್‌ಗ್ರಾಜುಯೇಟ್ ಜಿಪಿಎ ಜೊತೆ ಸೇರುವುದಿಲ್ಲ. ಆಕೋಮಾಸ್ ಮಾತ್ರ ಹೊರದೇಶದ ಅಂಕಪಟ್ಟಿಯನ್ನು ಮಾನ್ಯ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ ಅಂತ ಕೇಳುತ್ತದೆ.

ಅಂದರೆ ಇಂಥವರು ಇಲ್ಲಿ ಕಾಲೇಜನ್ನು ಅರ್ಧಕ್ಕಿಂತ ಜಾಸ್ತಿ ಮತ್ತೆ ಓದಬೇಕಾಗುತ್ತದೆ. ಬೇಸರ ಆಗುತ್ತೆ, ನಿಜ. ಆದರೆ ಇಲ್ಲೇ 2.7 ತೆಗೆದವರಿಗೆ ಸಿಗದ ಖಾಲಿ ಹಾಳೆ ನಿಮ್ಮ ಕೈಯಲ್ಲಿದೆ. ಅದರ ಮೇಲೆ 3.9 ಬರೆದರೆ ಹಳೇ ಅಂಕಗಳ ನೆರಳು ಅಷ್ಟಾಗಿ ಬೀಳುವುದಿಲ್ಲ.

ಭಾರತದಲ್ಲೇ ಎಂ.ಬಿ.ಬಿ.ಎಸ್. ಆದವರಿಗೆ ಇದು ಯಾವುದೂ ಬೇಡ. ಅವರ ದಾರಿ ಇ.ಸಿ.ಎಫ್.ಎಂ.ಜಿ. ಪ್ರಮಾಣಪತ್ರ (ಹೊರದೇಶದಲ್ಲಿ ಓದಿದ ಡಾಕ್ಟರ್‌ಗಳಿಗೆ ಇರುವುದು) ಮತ್ತು ಯು.ಎಸ್.ಎಂ.ಎಲ್.ಇ. ಅನ್ನುವ ಪರವಾನಗಿ ಪರೀಕ್ಷೆಗಳದ್ದು.

ಎಚ್-4 ವೀಸಾದಲ್ಲಿದ್ದೇನೆ (ಎಚ್-1ಬಿ ಕೆಲಸದ ವೀಸಾ ಇರುವವರ ಕುಟುಂಬದವರಿಗೆ ಕೊಡುವುದು). ಅರ್ಜಿ ಹಾಕಬಹುದಾ?

ಹಾಕಬಹುದು, ಆದರೆ ಬಾಗಿಲುಗಳು ಕಮ್ಮಿ. ಬಹಳಷ್ಟು ಶಾಲೆಗಳು ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇದ್ದವರನ್ನು ಮಾತ್ರ ತೆಗೆದುಕೊಳ್ಳುತ್ತವೆ. ಉಳಿದವುಗಳಲ್ಲಿ ನಿಮ್ಮನ್ನು ವಿದೇಶಿ ವಿದ್ಯಾರ್ಥಿ ಅಂತ ನೋಡುತ್ತಾರೆ. ಫೆಡರಲ್ ಸಾಲ ಸಿಗುವುದಿಲ್ಲ. ಕೆಲವು ಶಾಲೆಗಳು ಹಲವು ವರ್ಷದ ಶುಲ್ಕದ ಹಣವನ್ನು ಮೊದಲೇ ತೋರಿಸಿ ಅನ್ನುತ್ತವೆ. ಕಡಿಮೆ ಗ್ರೇಡ್ ಜೊತೆ ವೀಸಾ ತೊಡಕೂ ಇದ್ದರೆ, ಗ್ರೀನ್ ಕಾರ್ಡ್ ಹತ್ತಿರದಲ್ಲಿದೆ ಅಂದಾದರೆ ಕಾಯುವುದೇ ಮೇಲು. ಆ ಹೊತ್ತಿಗೆ ಕೋರ್ಸ್‌ಗಳನ್ನು ಮುಗಿಸಿಕೊಳ್ಳಿ.

ಪೋಸ್ಟ್‌ಬ್ಯಾಕ್ ಮಾಡಲಾ, ಎಸ್.ಎಂ.ಪಿ. ಮಾಡಲಾ?

ಪೋಸ್ಟ್‌ಬ್ಯಾಕ್ ಅಂದರೆ ಡಿಗ್ರಿ ಆದಮೇಲೆ ಅಂಡರ್‌ಗ್ರಾಜುಯೇಟ್ ಹಂತದ ಕೋರ್ಸ್‌ಗಳನ್ನೇ ಓದುವುದು. ಇದರ ಗ್ರೇಡ್ ನಿಮ್ಮ ಹಳೇ ಜಿಪಿಎಗೆ ಸೇರಿ ಅದನ್ನು ಎತ್ತುತ್ತದೆ. ಎಸ್.ಎಂ.ಪಿ. ಅಂದರೆ ಸ್ಪೆಷಲ್ ಮಾಸ್ಟರ್ಸ್ ಪ್ರೋಗ್ರಾಂ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ್ದು ಇವುಗಳಲ್ಲಿ ಹಳೆಯದು. ಇಂಥ ಕೆಲವು ಕಡೆ ಮೊದಲ ವರ್ಷದ ಮೆಡಿಕಲ್ ವಿದ್ಯಾರ್ಥಿಗಳ ಪಕ್ಕದಲ್ಲೇ ಕೂತು ಅದೇ ಪಾಠ, ಅದೇ ಪರೀಕ್ಷೆ ಬರೆಯಬೇಕು. ಅಲ್ಲಿ ಚೆನ್ನಾಗಿ ಮಾಡಿದರೆ ಮೆಡಿಕಲ್ ಓದು ನಿಮಗೆ ಆಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಆದರೆ ಆ ಗ್ರೇಡ್ ಹಳೇ ಜಿಪಿಎಗೆ ಸೇರುವುದಿಲ್ಲ, ಶುಲ್ಕ ಜಾಸ್ತಿ, ಅಲ್ಲೂ ಎಡವಿದರೆ ಮುಂದೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ನನ್ನ ಅಭಿಪ್ರಾಯ: ಜಿಪಿಎ 3.0ಕ್ಕಿಂತ ಕೆಳಗಿದ್ದರೆ ಮೊದಲು ಪೋಸ್ಟ್‌ಬ್ಯಾಕ್. ಅದೂ ದೊಡ್ಡ ಹೆಸರಿನ ಪ್ಯಾಕೇಜ್ ಬೇಕಿಲ್ಲ. ಹತ್ತಿರದ ಸ್ಟೇಟ್ ಯೂನಿವರ್ಸಿಟಿಯಲ್ಲಿ ನೀವೇ ಕೋರ್ಸ್ ಆರಿಸಿಕೊಂಡು ಓದಿದರೂ ಲೆಕ್ಕ ಒಂದೇ. ಹೆಸರುವಾಸಿ ಪೋಸ್ಟ್‌ಬ್ಯಾಕ್‌ಗಳಲ್ಲಿ ಹಲವು, ಸೈನ್ಸ್ ಓದೇ ಇಲ್ಲದ, ಆದರೆ ಒಳ್ಳೇ ಜಿಪಿಎ ಇರುವವರಿಗೆ ಅಂತ ಇರುವಂಥವು. ಅವುಗಳ ಅರ್ಜಿ ಶುಲ್ಕಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಕಮ್ಯುನಿಟಿ ಕಾಲೇಜ್ ನಡೆಯುತ್ತಾ? ಆನ್‌ಲೈನ್?

ಕೆಲಸ ಬಿಡಲಾಗದವರು, ಚಿಕ್ಕ ಮಕ್ಕಳಿರುವವರು ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಒಂದೆರಡು ಕೋರ್ಸ್‌ನಿಂದ ಶುರು ಮಾಡುವುದರಲ್ಲಿ ತಪ್ಪಿಲ್ಲ. ಹೆಚ್ಚಿನ ಶಾಲೆಗಳು ಒಪ್ಪುತ್ತವೆ, ಕೆಲವು ಮುಖ ಗಂಟಿಕ್ಕುತ್ತವೆ. ಆದರೆ ಎಲ್ಲವನ್ನೂ ಅಲ್ಲೇ ಮುಗಿಸಬೇಡಿ. ಕಡಿಮೆ ಗ್ರೇಡ್ ಇದ್ದವರು ನಾಲ್ಕು ವರ್ಷದ ಕಾಲೇಜಿನಲ್ಲಿ, ಒಂದೇ ಸೆಮಿಸ್ಟರ್‌ನಲ್ಲಿ ಎರಡು ಮೂರು ಸೈನ್ಸ್ ಕೋರ್ಸ್ ಹೊತ್ತು ಎ ತೆಗೆದು ತೋರಿಸಬೇಕು. ಲ್ಯಾಬ್ ಇರುವ ಕೋರ್ಸ್‌ಗಳನ್ನು ಆನ್‌ಲೈನ್ ಮಾಡುವ ಮೊದಲು ನೀವು ನೋಡುತ್ತಿರುವ ಶಾಲೆಗಳ ನಿಯಮ ಓದಿ.

ಎಂಕ್ಯಾಟ್‌ನಲ್ಲಿ ಒಳ್ಳೇ ಸ್ಕೋರ್ ಬಂದರೆ ಜಿಪಿಎ ಮರೆತುಬಿಡ್ತಾರಾ?

ಮರೆಯಲ್ಲ. ಆದರೆ ಕ್ಷಮಿಸುವ ಮನಸ್ಸು ಬರಬಹುದು.

ಎಂಕ್ಯಾಟ್ 472ರಿಂದ 528ರವರೆಗೆ. ನಾಲ್ಕು ಭಾಗ, ಒಂದೊಂದಕ್ಕೆ 118ರಿಂದ 132. ಬಿಡುವು ಸೇರಿಸಿದರೆ ಏಳು ಗಂಟೆಗಿಂತ ಜಾಸ್ತಿ ಕೂರಬೇಕು. ಮೂರು ಭಾಗ ಸೈನ್ಸ್ ಮತ್ತು ಮನಶ್ಶಾಸ್ತ್ರ, ಸಮಾಜಶಾಸ್ತ್ರದ್ದು. ಉಳಿದದ್ದು ಕಾರ್ಸ್, ಅಂದರೆ ಓದಿ ಅರ್ಥ ಮಾಡಿಕೊಳ್ಳುವ ಭಾಗ, 53 ಪ್ರಶ್ನೆ. ಎಂಜಿನಿಯರ್‌ಗಳು ಫಿಸಿಕ್ಸ್‌ನಲ್ಲಿ ಸಲೀಸಾಗಿ ಮುಂದೆ ಹೋಗಿ ಕಾರ್ಸ್‌ನಲ್ಲಿ ಮುಗ್ಗರಿಸುವುದು ತೀರಾ ಸಾಮಾನ್ಯ. ಅದಕ್ಕೆ ಕೊನೇ ತಿಂಗಳ ತಯಾರಿ ಸಾಲದು. ಮೊದಲ ದಿನದಿಂದಲೇ ದಿನಕ್ಕೆರಡು ಪ್ಯಾಸೇಜ್ ಓದುತ್ತಾ ಹೋಗಿ.

ವರ್ಷಕ್ಕೆ ಮೂರು ಸಲ, ಎರಡು ವರ್ಷದಲ್ಲಿ ನಾಲ್ಕು ಸಲ, ಜೀವಮಾನದಲ್ಲಿ ಏಳು ಸಲ ಬರೆಯಬಹುದು. ಎಲ್ಲ ಸ್ಕೋರ್ ಶಾಲೆಗಳಿಗೆ ಕಾಣುತ್ತವೆ. ಹಾಗಾಗಿ "ಒಂದ್ಸಲ ಬರೆದು ನೋಡೋಣ" ಅನ್ನುವುದು ಬೇಡ. ಪರೀಕ್ಷೆ ನಡೆಸುವ ಎ.ಎ.ಎಂ.ಸಿ.ಯೇ ಕೊಡುವ ಪೂರ್ಣ ಮಾದರಿ ಪರೀಕ್ಷೆಗಳಲ್ಲಿ ನಿಮ್ಮ ಗುರಿಯ ಅಂಕ ಎರಡು ಮೂರು ಸಲ ಬಂದ ಮೇಲೆ ಮಾತ್ರ ಹೋಗಿ. ಬಾರದಿದ್ದರೆ ದಿನಾಂಕ ಮುಂದೆ ಹಾಕಿ. ಕಮ್ಮಿ ಜಿಪಿಎ ಜೊತೆ ಕಮ್ಮಿ ಎಂಕ್ಯಾಟ್ ಕೂಡಿದರೆ, ಹಳೇ ಗ್ರೇಡ್ ಕೆಟ್ಟ ಕಾಲದ ಫಲ ಅಂತ ಹೇಳುವ ದಾರಿಯೇ ಮುಚ್ಚುತ್ತದೆ. ಸ್ಕೋರ್ ಎರಡು ಮೂರು ವರ್ಷಕ್ಕೆ ಹಳತಾಗುತ್ತದೆ, ತೀರಾ ಮುಂಚೆ ಬರೆಯುವುದೂ ಬೇಡ.

ಡಿ.ಒ. ಅಂದರೆ ಎರಡನೇ ದರ್ಜೆಯ ಡಾಕ್ಟರಾ?

ಅಲ್ಲ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಪೂರ್ಣ ಪರವಾನಗಿ ಇರುವ ಡಾಕ್ಟರು. ಔಷಧ ಬರೆಯುತ್ತಾರೆ, ಸರ್ಜರಿ ಮಾಡುತ್ತಾರೆ. 2020ರಿಂದ ಎಂ.ಡಿ., ಡಿ.ಒ. ಇಬ್ಬರ ರೆಸಿಡೆನ್ಸಿಯೂ ಒಂದೇ ಮಾನ್ಯತಾ ವ್ಯವಸ್ಥೆಯಡಿ ಬಂದಿದೆ. ತುಂಬಾ ಪೈಪೋಟಿ ಇರುವ ಸರ್ಜರಿ ವಿಭಾಗಗಳಿಗೆ ಡಿ.ಒ.ಗಳ ದಾರಿ ಸ್ವಲ್ಪ ಕಡಿದು ಅನ್ನೋದು ನಿಜ. ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್, ಪೀಡಿಯಾಟ್ರಿಕ್ಸ್ ಬೇಕೆಂದರೆ ಈ ಚಿಂತೆ ಅಷ್ಟಿಲ್ಲ.

ಡಿ.ಒ. ಶಾಲೆಗಳ ಸರಾಸರಿ ಅಂಕಗಳು ಎಂ.ಡಿ.ಗಿಂತ ಕೆಳಗೆ, ವಯಸ್ಸಾದವರನ್ನು ಒಪ್ಪಿಕೊಳ್ಳುವ ಮನಸ್ಸೂ ಅಲ್ಲಿ ಮೊದಲಿಂದ ಇದೆ. ಗ್ರೇಡ್ ಕಮ್ಮಿ ಇದ್ದವರು ಎರಡಕ್ಕೂ ಒಟ್ಟಿಗೆ ಹಾಕಬೇಕು. ಊರಲ್ಲಿ ನೆಂಟರು "ಡಿ.ಒ. ಅಂದ್ರೇನು?" ಅಂತ ಕೇಳುತ್ತಾರೆ ಅಂತ ಬಿಡುವವರನ್ನು ಕಂಡರೆ ನನಗೆ ಅರ್ಥವೇ ಆಗುವುದಿಲ್ಲ.

ಕೆರಿಬಿಯನ್ ಶಾಲೆಗಳು ಕೂಡಲೇ ಸೀಟು ಕೊಡ್ತಾವಲ್ಲ?

ಕೊಡುತ್ತವೆ. ಸೀಟು ಸಿಗುವುದು ಸುಲಭ, ಮುಗಿಸಿ ರೆಸಿಡೆನ್ಸಿ ಹಿಡಿಯುವುದು ಕಷ್ಟ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಎಂ.ಡಿ., ಡಿ.ಒ. ಶಾಲೆಗಳ ಕೊನೇ ವರ್ಷದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಮ್ಯಾಚ್ ಆಗುತ್ತಿದೆ, ಅಂದರೆ ರೆಸಿಡೆನ್ಸಿ ಹಂಚಿಕೆಯಲ್ಲಿ ಜಾಗ ಸಿಗುತ್ತಿದೆ. ಹೊರದೇಶದಲ್ಲಿ ಓದಿಬಂದ ಅಮೆರಿಕನ್ ನಾಗರಿಕರಲ್ಲಿ ಅದು ನೂರಕ್ಕೆ 67ರ ಹತ್ತಿರ. ಮಧ್ಯದಲ್ಲೇ ಬಿಟ್ಟವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಮೊದಲು ಪೋಸ್ಟ್‌ಬ್ಯಾಕ್, ಎಂ.ಡಿ., ಡಿ.ಒ. ಎಲ್ಲ ಪ್ರಯತ್ನ ಆಗಲಿ.

ಕಡಿಮೆ ಗ್ರೇಡ್ ಬಗ್ಗೆ ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ ಬರೀಬೇಕಾ?

ಬರೆದರೆ ಎರಡು ಮೂರು ವಾಕ್ಯ. ಆಮ್ಕಾಸ್‌ನಲ್ಲಿ ಇರುವುದೇ 5,300 ಅಕ್ಷರದ ಜಾಗ, ಖಾಲಿ ಜಾಗವೂ ಸೇರಿ. ಆ ಪ್ರಬಂಧದ ಕೆಲಸ ಡಾಕ್ಟರೇ ಯಾಕೆ ಆಗಬೇಕು ಅಂತ ಹೇಳುವುದು. ಎಷ್ಟೋ ಶಾಲೆಗಳು ಆಮ್ಕಾಸ್ ಅರ್ಜಿಯ ನಂತರ ತಾವೇ ಕಳಿಸುವ ಎರಡನೇ ಸುತ್ತಿನ ಪ್ರಶ್ನೆಗಳಲ್ಲಿ ಗ್ರೇಡ್ ಬಗ್ಗೆ ಬೇರೆಯಾಗಿಯೇ ಕೇಳುತ್ತವೆ, ಅಲ್ಲಿ ವಿವರಿಸಿ.

ಹೇಗೆ ಬರೆಯಬಾರದು ಅನ್ನುವುದಕ್ಕೆ ಒಂದು ಮಾದರಿ: "ಪ್ರೊಫೆಸರ್ ಸರಿಯಾಗಿ ಪಾಠ ಮಾಡಲಿಲ್ಲ, ಮನೆಯಲ್ಲಿ ಕಷ್ಟ ಇತ್ತು, ಮೇಜರ್ ನನ್ನ ಇಷ್ಟದ್ದಲ್ಲ." ಮೂರೂ ನಿಜ ಇರಬಹುದು. ಓದುವವರಿಗೆ ಮಾತ್ರ ಬರೀ ದೂರಿನ ಹಾಗೆ ಕೇಳುತ್ತದೆ. ಅದನ್ನೇ ಹೀಗೆ ಬರೆಯಬಹುದು: "ಎರಡನೇ ವರ್ಷ ಅಪ್ಪನಿಗೆ ಕೆಲಸ ಹೋಯಿತು. ನಾನು ವಾರಕ್ಕೆ 30 ಗಂಟೆ ದುಡಿಯುತ್ತಾ ಐದು ಕೋರ್ಸ್ ಹಿಡಿದುಕೊಂಡಿದ್ದೆ. ಕೋರ್ಸ್ ಕಮ್ಮಿ ಮಾಡಬೇಕಿತ್ತು, ಸಹಾಯ ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೆಲಸ ಮಾಡುತ್ತಲೇ ಓದಿದ ಹತ್ತು ಸೈನ್ಸ್ ಕೋರ್ಸ್‌ಗಳಲ್ಲಿ ಎ ಬಂದಿದೆ." ಏನಾಯಿತು, ನಿಮ್ಮ ಪಾಲೆಷ್ಟು, ಈಗ ಏನು ಬದಲಾಗಿದೆ. ಇಷ್ಟು ಸಾಕು. ಹೇಳಿಕೊಳ್ಳುವಂಥ ಕಷ್ಟವೇ ಇರಲಿಲ್ಲವೇ? ಓದಲಿಲ್ಲ ಅಂತಲೇ ಬರೆಯಿರಿ. ಇಪ್ಪತ್ತನೇ ವಯಸ್ಸಿನಲ್ಲಿ ಓದದವರು ನೀವೊಬ್ಬರೇ ಅಲ್ಲ.

ಹನ್ನೆರಡು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ್ದೇನೆ. ಆ ಅನುಭವ ಸಾಕಲ್ವಾ?

ಅದು ನಿಮ್ಮನ್ನು ಬೇರೆಯವರಿಂದ ಎದ್ದು ಕಾಣಿಸುತ್ತದೆ. ಆದರೆ ರೋಗಿಗಳ ಹತ್ತಿರ ಇದ್ದ ಅನುಭವಕ್ಕೆ ಅದು ಬದಲಿ ಆಗುವುದಿಲ್ಲ. ವಾರಾಂತ್ಯದಲ್ಲಿ ಹಾಸ್ಪಿಸ್‌ನಲ್ಲಿ (ಕೊನೇ ದಿನಗಳ ರೋಗಿಗಳ ಆರೈಕೆ) ಸೇವೆ, ಇ.ಎಂ.ಟಿ. (ಆಂಬುಲೆನ್ಸ್ ತುರ್ತು ಸೇವೆ) ಕೆಲಸ, ಕ್ಲಿನಿಕ್‌ನಲ್ಲಿ ಸ್ಕ್ರೈಬ್ (ಡಾಕ್ಟರ್ ಪರವಾಗಿ ಟಿಪ್ಪಣಿ ಬರೆಯುವ) ಕೆಲಸ, ಉಚಿತ ಆರೋಗ್ಯ ಕೇಂದ್ರದಲ್ಲಿ ದುಭಾಷಿ ಕೆಲಸ, ಯಾವುದಾದರೂ ಒಂದನ್ನು ವರ್ಷಗಟ್ಟಲೆ ಬಿಡದೆ ಮಾಡಿ. ಡಾಕ್ಟರ್ ಜೊತೆ ಒಂದಿಷ್ಟು ದಿನ ಓಡಾಡಿ ನೋಡಿ, ಆದರೆ ಬರೀ ಅದರಲ್ಲೇ ನಿಲ್ಲಬೇಡಿ.

ಅರ್ಜಿಯಲ್ಲಿ 15 ಚಟುವಟಿಕೆಗಳಿಗೆ ಜಾಗ ಇದೆ, ಒಂದೊಂದಕ್ಕೆ 700 ಅಕ್ಷರ. ಮೂರಕ್ಕೆ ಮಾತ್ರ ಇನ್ನೂ 1,325 ಅಕ್ಷರ ಕೊಡುತ್ತಾರೆ. ಹದಿನೈದನ್ನೂ ತುಂಬಿಸಲೇಬೇಕು ಅಂತಿಲ್ಲ. "ರೋಗಿಗಳಿಗೆ ನೆರವಾದೆ" ಅಂತ ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. ಕೈ ನಡುಗುವ ಅಜ್ಜನಿಗೆ ಚಮಚ ಹಿಡಿಯಲು ನೀವು ಏನು ಮಾಡಿದಿರಿ ಅಂತ ಬರೆದರೆ ಕಾಣುತ್ತದೆ.

ಶಿಫಾರಸು ಪತ್ರಕ್ಕೆ ಹಳೇ ಪ್ರೊಫೆಸರ್ ನೆನಪೇ ಇಟ್ಟಿಲ್ಲ...

ಹೊಸ ಕೋರ್ಸ್‌ಗಳ ಪ್ರೊಫೆಸರ್‌ಗಳನ್ನು ಕೇಳಿ. ಸಾಮಾನ್ಯವಾಗಿ ಇಬ್ಬರು ಸೈನ್ಸ್ ಅಧ್ಯಾಪಕರದ್ದು ಬೇಕಾಗುತ್ತದೆ, ಡಿ.ಒ.ಗೆ ಒಬ್ಬ ಡಾಕ್ಟರದ್ದೂ ಇದ್ದರೆ ಒಳ್ಳೆಯದು. ಆಫೀಸ್ ಅವರ್‌ಗೆ (ಪ್ರೊಫೆಸರ್ ವಿದ್ಯಾರ್ಥಿಗಳನ್ನು ಭೇಟಿ ಮಾಡುವ ಸಮಯ) ಮೊದಲ ವಾರದಿಂದಲೇ ಹೋಗಿ.

ಯಾವಾಗ ಅರ್ಜಿ ಹಾಕಬೇಕು? ಎಷ್ಟು ಖರ್ಚು?

ಆಮ್ಕಾಸ್ ಮೇ ತಿಂಗಳಲ್ಲಿ ತೆರೆಯುತ್ತದೆ, ಮೇ ಕೊನೆ ಅಥವಾ ಜೂನ್ ಮೊದಲಲ್ಲಿ ಸಲ್ಲಿಸಬಹುದು. ಸೀಟು ತುಂಬುತ್ತಾ ಹೋಗುವ ಪದ್ಧತಿ ಇರುವುದರಿಂದ ಜೂನ್‌ನಲ್ಲೇ ಹಾಕಿದರೆ ಒಳ್ಳೆಯದು. ತಡವಾದರೆ ಪರಿಶೀಲನೆಗೇ ವಾರಗಟ್ಟಲೆ ಹೋಗುತ್ತದೆ. ನವೆಂಬರ್ ಗಡುವು ನೋಡಿಕೊಂಡು ಅಕ್ಟೋಬರ್‌ನಲ್ಲಿ ಹಾಕುವ ಬದಲು ಮುಂದಿನ ಜೂನ್‌ಗೆ ಕಾಯಿರಿ.

ಮೊದಲ ಶಾಲೆಗೆ 175 ಡಾಲರ್, ಆಮೇಲೆ ಪ್ರತಿ ಶಾಲೆಗೂ ಐವತ್ತರ ಹತ್ತಿರ. ಎರಡನೇ ಸುತ್ತಿಗೆ ಪ್ರತಿ ಶಾಲೆಯೂ ಬೇರೆ ಶುಲ್ಕ ಕೇಳುತ್ತದೆ, ನೂರರ ಆಸುಪಾಸು. ಇಪ್ಪತ್ತು ಶಾಲೆಗೆ ಹಾಕಿದರೆ ಮೂರು ಸಾವಿರ ಡಾಲರ್ ಆರಾಮಾಗಿ ಕರಗುತ್ತದೆ. ಆದಾಯ ಕಮ್ಮಿ ಇದ್ದರೆ ಎ.ಎ.ಎಂ.ಸಿ.ಯ ಫೀ ಅಸಿಸ್ಟೆನ್ಸ್ ಪ್ರೋಗ್ರಾಂ ಇದೆ, ಆದರೆ ದುಡ್ಡು ಕಟ್ಟುವ ಮೊದಲೇ ಅದಕ್ಕೆ ಒಪ್ಪಿಗೆ ಪಡೆಯಬೇಕು. ಕಟ್ಟಿದ್ದು ವಾಪಸ್ ಬರುವುದಿಲ್ಲ. ನಿಮ್ಮ ರಾಜ್ಯದ ಸರ್ಕಾರಿ ಶಾಲೆಗಳು ಮೊದಲು ಪಟ್ಟಿಗೆ ಬರಲಿ, ಅವು ಸ್ವಂತ ರಾಜ್ಯದವರಿಗೆ ಆದ್ಯತೆ ಕೊಡುತ್ತವೆ.

ಓದಿಗೆ ಸಾಲ ಸಿಗುತ್ತಾ?

ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಸಿಗುತ್ತದೆ, ಆದರೆ ನಿಯಮ ಬಿಗಿಯಾಗಿದೆ. ಪೂರ್ತಿ ಖರ್ಚಿಗೆ ಸಾಲ ಕೊಡುತ್ತಿದ್ದ ಫೆಡರಲ್ ಗ್ರ್ಯಾಡ್ ಪ್ಲಸ್ ಯೋಜನೆ 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲ. ಮೆಡಿಕಲ್ ವಿದ್ಯಾರ್ಥಿಗಳಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000. ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷದ ಶುಲ್ಕ, ಊಟ, ಬಾಡಿಗೆ ಸೇರಿ 3,00,000 ದಾಟುವುದು ಮಾಮೂಲು. ಉಳಿದದ್ದಕ್ಕೆ ಖಾಸಗಿ ಸಾಲವೋ, ಉಳಿತಾಯವೋ ಬೇಕು. ಪೋಸ್ಟ್‌ಬ್ಯಾಕ್‌ಗೆ ಇರುವ ಉಳಿತಾಯವೆಲ್ಲ ಸುರಿಯಬೇಡಿ ಅನ್ನೋದು ಇದಕ್ಕೇ.

ಒಂದು ಸಲ ಎಲ್ಲ ಕಡೆ ಇಲ್ಲ ಅಂದರು. ಮುಂದಿನ ಜೂನ್‌ಗೆ ಮತ್ತೆ ಹಾಕಲಾ?

ಮೊದಲು, ಎಲ್ಲಿ ನಿಂತಿತು ಅಂತ ನೋಡಿ. ಇಂಟರ್‌ವ್ಯೂಗೆ ಒಂದೂ ಕರೆ ಬರದಿದ್ದರೆ ತೊಂದರೆ ಅಂಕಗಳಲ್ಲೋ, ಶಾಲೆಗಳ ಪಟ್ಟಿಯಲ್ಲೋ, ಬರಹದಲ್ಲೋ ಇದೆ. ಇಂಟರ್‌ವ್ಯೂ ಆಗಿ ಸೀಟು ಸಿಗದಿದ್ದರೆ ಅಂಕಗಳನ್ನು ಅವರು ಆಗಲೇ ಒಪ್ಪಿದ್ದಾರೆ, ಮಾತಾಡುವ ಅಭ್ಯಾಸ ಮಾಡಿ. ಕೆಲವು ಶಾಲೆಗಳು ಕೇಳಿದರೆ ಏನು ಕಮ್ಮಿ ಇತ್ತು ಅಂತ ಹೇಳುತ್ತವೆ, ಏಪ್ರಿಲ್ ಮೇ ಹೊತ್ತಿಗೆ ಇಮೇಲ್ ಹಾಕಿ ಕೇಳಿ.

ಇಲ್ಲ ಅಂತ ಪತ್ರ ಬಂದ ಮರುತಿಂಗಳೇ ಅದೇ ಪ್ರಬಂಧ, ಅದೇ ಗ್ರೇಡ್, ಅದೇ ಪಟ್ಟಿ ಇಟ್ಟುಕೊಂಡು ಮತ್ತೆ ಹಾಕುವವರಿದ್ದಾರೆ. ಹಳೇ ಅರ್ಜಿಯನ್ನು ಹೊಸದರ ಪಕ್ಕದಲ್ಲಿಟ್ಟು ನೋಡುವ ಶಾಲೆಗಳಿವೆ. ಹೊಸ ಗ್ರೇಡ್, ಹೊಸ ಎಂಕ್ಯಾಟ್, ಹೊಸ ಅನುಭವ, ಇದರಲ್ಲಿ ಎರಡಾದರೂ ಕೈಗೆ ಬರುವವರೆಗೆ ಒಂದು ವರ್ಷ ಬಿಟ್ಟು ಹಾಕಿ.